ಪರವೂರಿನ ಜಾಡಿ

ಮನೆಯಲ್ಲಿ ಯಾವುದೇ ಪದಾರ್ಥವನ್ನು ಹುಳಿ ಬರಿಸುವವರು ಅದಕ್ಕೆ ಬೇಕಾಗುವ ಸಾಮಾನನ್ನು ಜಿಲ್ಲೆಯೊಳಗಿನ ಅಂಗಡಿಯಲ್ಲಿಯೇ ಕೊಳ್ಳತಕ್ಕದ್ದೆಂದು ಹಾವೇರಿಯ ಗೃಹಹುಳಿ ನಿಯಂತ್ರಣ ಕಚೇರಿಯು ೨೦೦೯ರ ಬೇಸಿಗೆಯಲ್ಲಿ ಆದೇಶ ಹೊರಡಿಸಿತು. ಅಂಥ ಅಂಗಡಿ ಜಿಲ್ಲೆಯೊಳಗೆ ಒಂದೂ ಇರಲಿಲ್ಲ. ಆದ್ದರಿಂದಲೇ ಅವುಗಳ ಮೇಲೆ ಒಂದು ದೂರೂ ಬಂದಿಲ್ಲವೆಂದು ಕಚೇರಿ ಸಂತೋಷ ವ್ಯಕ್ತಪಡಿಸಿತ್ತು.

ಕರ್ಜಗಿಯ ಫಕ್ಕೀರಪ್ಪನವರಿಗೆ ಈ ಆದೇಶ ಗೊತ್ತಿರಲಿಲ್ಲ. ಹೊಲ, ಮನಿ, ಪೂಜೆ ಎಂದು ಇದ್ದವರು. ಶ್ರಾವಣ ಸೋಮವಾರ ಊರ ಮಠದಲ್ಲಿ ದೀಪ ಹಚ್ಚುವ ಮಾನ ಅವರ ಮನೆತನದ್ದು. ಅದೊಂದು ಕೈತಪ್ಪದಿದ್ದರೆ ಅವರಿಗೆ ಬೇರೇನೂ ಬೇಕಾಗಿರಲಿಲ್ಲ.

ಹೆಂಡತಿ ಪುಷ್ಪಲತಾಗೆ ಉಂಡದ್ದು ಅರಗುತ್ತಿರಲಿಲ್ಲ. ಆಕೆಯ ತವರೂರು ಬ್ಯಾಡಗಿಯ ವೈದ್ಯರೊಬ್ಬರು, ಒಣದ್ರಾಕ್ಷಿ ಬೆಲ್ಲ ಹಾಕಿ ದ್ರಾಕ್ಷಾಸವವನ್ನು ಮನೆಯಲ್ಲೇ ಮಾಡಿ ಕುಡಿಸಿರೆಂದರು. ಫಕ್ಕೀರಪ್ಪನವರು ಭರಣಿಯ ಬಾಯಿಗೆ ಅರಿವೆ ಕಟ್ಟಿ, ಮೇಲೆ ಮಣ್ಣು ಮೆತ್ತಿಟ್ಟರು. ಒಳಗಿನ ಗಾಳಿಗೆ ದಾರಿ ಸಿಗದೆ ಅದು ಪೂಜೆಯ ಹೊತ್ತಿಗೆ ಸಿಡಿದು, ಜಗಲಿಯ ಮೇಲಿನ ದೇವರಿಗೆಲ್ಲ ದ್ರಾಕ್ಷಿಯ ಅಭಿಷೇಕವಾಯಿತು.

ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು, ಅಂಥ ಜಾಡಿ ಬೇಕೆಂದು ಅವರು ರಾಣೇಬೆನ್ನೂರಿಗೆ ಹೋಗಿ ಭರಣಿ ಅಂಗಡಿಯ ಹಜರತಅಲಿಯನ್ನು ಕೇಳಿದರು.

“ಕಾಕಾರ, ನಮ್ಮ ಅಜ್ಜನ ಕಾಲದಿಂದ ಯಾರೂ ಇದನ್ನ ಕೇಳಿಲ್ಲ. ತಂದಿಟ್ಟರ ಅದರ ಮುಂದ ಕುಂತು ನಾ ಮುದುಕ ಆಕ್ಕೇನಿ. ಇಂಟರ್ನೆಟ್ಟಿನ್ಯಾಗ ತರಸ್ರಿ,” ಎಂದ ಆತ.

ಹಾವೇರಿಯಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿದ್ದ ದಿಲನಾಜ ತರಿಸಿಕೊಟ್ಟಳು. ಗಾಜಿನ ಜಾಡಿ, ಮೇಲೊಂದು ಸೊಟ್ಟ ನಳಿಕೆ, ನಳಿಕೆಯಲ್ಲಿ ತುಸು ನೀರು. ಆಸವ ಹಾಕಿದ ಮೇಲೆ ಅದು ಹಗಲೆಲ್ಲ ಗುಳುಗುಳು ಅನ್ನತೊಡಗಿತು. ನನ್ನ ಹೊಟ್ಟಿಗಿಂತ ಇದರ ಹೊಟ್ಟೀನ ಕೆಟ್ಟೈತಿ ಎಂದು ಪುಷ್ಪಲತಾ ಕನಿಕರಪಟ್ಟಳು. ಪಾರ್ಸೆಲ್ ಡಬ್ಬಿ ಚೆಂದ ಐತೆಂದು ಅದರಲ್ಲಿ ತುಳಸಿ ಗಿಡ ಹಚ್ಚಿ ಹೊರಗಿನ ಕಟ್ಟೆಯ ಮೇಲಿಟ್ಟಳು.

ಆ ಡಬ್ಬಿಯ ಮೇಲಿನ ಪರವೂರಿನ ವಿಳಾಸವನ್ನು ಓದಿಕೊಂಡು ನಿಯಂತ್ರಣಾಧಿಕಾರಿ ವೀರೇಂದ್ರ ಅವರು ಒಳಗೆ ಬಂದರು. ಔಷಧವೆಂದು ಫಕ್ಕೀರಪ್ಪನವರು ಕೈಮುಗಿದರು.

“ಒಳಗ ಏನೈತಿ ಅನ್ನೂದು ನಮಗ ಸಂಬಂಧಿಲ್ರಿ,” ಎಂದರು ಅಧಿಕಾರಿಗಳು. “ಸಾರಾಯಿ ಇದ್ದರ ಅದು ಬ್ಯಾರೆ ಇಲಾಖೆದು. ನಮ್ಮ ತಕರಾರು ಜಾಡಿ ಮ್ಯಾಲೆ.”

ಬಾಗಿಲಿಗೆ ಪ್ರಕಟಣೆ ಅಂಟಿತು: ‘ಈ ಮನೆಯಲ್ಲಿ ಪರವೂರಿನ ಜಾಡಿ ಇರುತ್ತದೆ. ಸಾರ್ವಜನಿಕರು ಎಚ್ಚರದಿಂದಿರತಕ್ಕದ್ದು.’

ಸಾರ್ವಜನಿಕರು ಎಚ್ಚರದಿಂದ ಸಾಲುಗಟ್ಟಿ ಬಂದು ನೋಡಿ ಹೋದರು. ಮಠದ ಹಿರಿಯರಾದ ಹಾಲೇಶಪ್ಪನವರೂ ಬಂದರು. ಬಾಗಿಲ ಮೇಲಿನ ಕಾಗದ ಇಳಿಯದಿದ್ದರೆ ಈ ಶ್ರಾವಣದ ದೀಪ ಬೇರೆಯವರು ಹಚ್ಚಬೇಕಾಗುತ್ತದೆಂದು, ಚಹಾ ಮುಟ್ಟದೆ, ಬೇಸರದಿಂದಲೇ ಹೇಳಿದರು.

ಫಕ್ಕೀರಪ್ಪನವರು ಮೊದಲ ಬಸ್ಸಿಗೆ ಹಾವೇರಿಯ ಕಚೇರಿಗೆ ಹೋದರು. ಹಜರತಅಲಿಯ ಅಂಗಡಿಯ ಮೂಲಕ ಕೊಂಡಂತೆ ಮಾಡಲಾದೀತೇ ಎಂದು ಕೇಳಿದರು. ಅದು ಭರಣಿ ಅಂಗಡಿ, ಹುಳಿ ಸಾಮಾನಿನ ಅಂಗಡಿಯಲ್ಲವೆಂದು ವೀರೇಂದ್ರ ಸಾಹೇಬರಿಂದ ಉತ್ತರ ಬಂತು.

“ಹಂಗಾರ ಸಾಹೇಬ್ರ, ಯಾವ ಅಂಗಡ್ಯಾಗ ಕೊಳ್ಳಲಿ?”

“ಸ್ಥಳೀಯ ಅಂಗಡ್ಯಾಗ.”

“ಅದು ಇಲ್ಲಲ್ರಿ.”

“ನೀವ ಒಂದು ಅಂಗಡಿ ತಗೀರಿ. ಜಾಡಿ ಅಂಗಡಿಗೆ ಕೊಡ್ರಿ, ಮತ್ತ ಗಿರಾಕಿಯಾಗಿ ಬಂದು ಕೊಳ್ರಿ. ಕಾಗದ ನಾನ ಹರೀತೇನಿ.”

ಫಕ್ಕೀರಪ್ಪನವರಿಗೆ ಇದು ನ್ಯಾಯವೆನಿಸಿತು. ಪಡಸಾಲೆಯೇ ಅಂಗಡಿಯಾಯಿತು. ಮಾರುವವರೂ ಕೊಳ್ಳುವವರೂ ಒಬ್ಬರೇ ಆಗಬಾರದೆಂಬ ನಿಯಮದಂತೆ ಪರವಾನಗಿ ಪುಷ್ಪಲತಾ ಹೆಸರಿಗೆ ಬಂತು. ಅದರ ಕೆಳಗೆ ಷರತ್ತುಗಳಿದ್ದವು: ‘ಗ್ರಾಹಕನು ಸ್ಥಳೀಯ ಪದ್ಧತಿಯಂತೆ ಚೌಕಾಶಿ ಮಾಡತಕ್ಕದ್ದು. ಚೌಕಾಶಿಯಿಲ್ಲದ ವ್ಯಾಪಾರವನ್ನು ಇಂಟರ್ನೆಟ್ ವ್ಯಾಪಾರವೆಂದೇ ಪರಿಗಣಿಸಲಾಗುವುದು. ದರ ಒಗ್ಗದಿದ್ದಲ್ಲಿ ಗ್ರಾಹಕನು ಸಿಟ್ಟಿನಿಂದ ಹೊರಟುಹೋಗತಕ್ಕದ್ದು. ಹಾಗೆ ಹೊರಟವನು ಅಂಗಡಿಯವರು ಕರೆಯುವತನಕ ಮರಳಿ ಹೊಸ್ತಿಲು ದಾಟತಕ್ಕದ್ದಲ್ಲ.’

ಶ್ರಾವಣದ ಮೊದಲ ಸೋಮವಾರದ ಮುಂಜಾನೆ, ವೀರೇಂದ್ರ ಸಾಹೇಬರ ಮತ್ತು ಹಾಲೇಶಪ್ಪನವರ ಸಮಕ್ಷಮ ವ್ಯಾಪಾರ ಶುರುವಾಯಿತು. ಫಕ್ಕೀರಪ್ಪನವರು ಬೀದಿಯಲ್ಲಿ ನಿಂತು ಜಾಡಿಯ ದರ ಕೇಳಿದರು. ಆಕೆ ಹೇಳಿದಳು. ಅವರು ಅದರ ಅರ್ಧ ಕೇಳಿದರು.

“ಮನಿ ಮಂದಿ ಅಂತ ಪುಗಸಟ್ಟೆ ಕೇಳಬ್ಯಾಡ್ರಿ,” ಎಂದಳು ಪುಷ್ಪಲತಾ. “ಮುಂದಿನ ಅಂಗಡ್ಯಾಗ ನೋಡ್ರಿ.”

ಮುಂದೆ ಅಂಗಡಿಯಿರಲಿಲ್ಲ. ಆದರೂ ಷರತ್ತಿನಂತೆ ಅವರು ಸಿಟ್ಟಾಗಿ, ಹೆಗಲ ಮೇಲಿನ ಟವೆಲ್ ಝಾಡಿಸಿ ಹೊರಟರು. ಬೀದಿಯ ಕೊನೆಯ ಬೇವಿನ ಗಿಡದತನಕ ನಿಧಾನ ನಡೆದರು. ಅಲ್ಲಿ ಚಪ್ಪಲಿಯೊಳಗಿನ ಹಳ್ಳು ತೆಗೆಯುವವರಂತೆ ಬಗ್ಗಿ ಹಿಂದೆ ನೋಡಿದರು. ಪುಷ್ಪಲತಾ ಜಾಡಿಯ ಧೂಳು ಒರೆಸುತ್ತಿದ್ದಳು.

ಹೊತ್ತು ಏರುತ್ತದೆ, ಗಿರಾಕಿಯನ್ನು ಕರೆಯಿರೆಂದು ಹಾಲೇಶಪ್ಪನವರೇ ಆಕೆಗೆ ಬಿನ್ನವಿಸಿಕೊಂಡರು.

“ನಮ್ಮಪ್ಪ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ವ್ಯಾಪಾರ ಮಾಡಿದಾವ್ರಿ. ಹೊಂಟ ಗಿರಾಕಿನ್ನ ಒಂದ ದಿನ ಕರದಿಲ್ಲ,” ಎಂದಳು ಆಕೆ. “ನಾ ಕರದರ ತವರಿನ ಮರ್ಯಾದಿ ಏನಾಗಬೇಕ್ರಿ?”

ವೀರೇಂದ್ರ ಸಾಹೇಬರು ಪರವಾನಗಿಯ ಷರತ್ತುಗಳನ್ನು ಮತ್ತೊಮ್ಮೆ ಓದಿದರು. ಜಾಡಿ ಈಗ ಪರವಾನಗಿಯುಳ್ಳ ಅಂಗಡಿಯ ಸರಕು, ಗ್ರಾಹಕ ಕಾನೂನಿನ ಪ್ರಕಾರವೇ ಸಿಟ್ಟಾಗಿದ್ದಾನೆ, ವ್ಯಾಪಾರ ಊರ್ಜಿತದಲ್ಲಿದೆ. ಹೀಗೆ ತೀರ್ಮಾನಿಸಿ ಬಾಗಿಲ ಕಾಗದವನ್ನು ತಾವೇ ಹರಿದರು. ಹಾಲೇಶಪ್ಪನವರು ಬೇವಿನ ಗಿಡದತನಕ ಹೋಗಿ ಫಕ್ಕೀರಪ್ಪನವರನ್ನು ಕೈಹಿಡಿದು ಮಠಕ್ಕೆ ಕರೆದೊಯ್ದರು. ದೀಪವನ್ನು ಫಕ್ಕೀರಪ್ಪನವರೇ ಹಚ್ಚಿದರು. ಮೈಮೇಲಿನ ಭಾರ ಇಳಿದಂತಾಗಿ, ಹಣೆತುಂಬ ವಿಭೂತಿ ಧರಿಸಿ ಮನೆಯ ಕಡೆ ಬಂದರು.

ಹೊಸ್ತಿಲಲ್ಲಿ ಷರತ್ತು ನೆನಪಾಯಿತು. ಕರೆ ಬಂದಿರಲಿಲ್ಲ. ಮನೆಗೆ ಪಡಸಾಲೆಯನ್ನು ಬಿಟ್ಟು ಬೇರೆ ಬಾಗಿಲೂ ಇರಲಿಲ್ಲ. ಅವರು ಮರಳಿ ಮಠಕ್ಕೆ ಹೋದರು.

ಈಗ ಅಲ್ಲಿಯೇ ಇದ್ದಾರೆ. ಪ್ರಸಾದ ಅಲ್ಲಿಯೇ ಆಗುತ್ತದೆ. ಎಲ್ಲ ಸೋಮವಾರಗಳ ದೀಪವೂ ಹೊತ್ತು ತಪ್ಪದೆ ಹತ್ತುತ್ತದೆ. ಅಂಗಡಿಯವರು ಸರಕಿನ ರುಚಿ ನೋಡಲು ಅಡ್ಡಿಯಿಲ್ಲವಾದ್ದರಿಂದ ಪುಷ್ಪಲತಾಗೆ ಊಟ ಚೆನ್ನಾಗಿ ಅರಗುತ್ತಿದೆ. ಸ್ಥಳೀಯ ವ್ಯಾಪಾರ ಚೇತರಿಸಿಕೊಂಡಿದೆಯೆಂದು ಕಚೇರಿ ವರದಿ ಮಾಡಿದೆ. ಸಂಜೆ ಫಕ್ಕೀರಪ್ಪನವರು ಬೇವಿನ ಗಿಡದತನಕ ಬಂದು, ಕರೆಯ ದಾರಿ ನೋಡುತ್ತ ತುಸು ನಿಲ್ಲುತ್ತಾರೆ. ಹಾದುಹೋಗುವವರು ದರ ಎಲ್ಲಿಗೆ ಬಂತೆಂದು ವಿಚಾರಿಸುತ್ತಾರೆ.

“ನಡದೈತ್ರಿ,” ಎನ್ನುತ್ತಾರೆ ಅವರು.

ಅಗದಿ ಬರೋಬ್ಬರಿ, ಅವಸರ ಮಾಡಬ್ಯಾಡ್ರಿ ಎಂದು ಹೇಳಿ ಕೇಳಿದವರು ಮುಂದೆ ಹೋಗುತ್ತಾರೆ.