ಗ್ವಾದಲಿಯಾಗಿದ್ದ ಕಾರು

ಮುಚ್ಚಳವಿಲ್ಲದ ಡಬ್ಬಿಯೊಳಗೆ ಯಾವಾಗ ಏನು ಬೀಳುತ್ತದೆಂದು ಹೇಳಲಾಗದು. ಟಪ್ಪು ಇಲ್ಲದ ಕಾರೂ ಹಾಗೆಯೇ. ನಮ್ಮ ಕಾರಿನೊಳಗೆ ಇದುವರೆಗೆ ಏನೇನೋ ಬಿದ್ದಿವೆ. ನಾನು ಗಣಿತದ ಮಾಸ್ತರ. ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಹೇಳುತ್ತೇನೆ.

೧. ಕಣಿಕೆ

ಅದೊಂದು ಮಂಗಳವಾರ. ಶಾಲೆಗೆ ರಜೆ. ನನ್ನ ಹೆಂಡತಿ ಔರಾದ ತಾಲೂಕಿನಲ್ಲಿ ದನದ ಡಾಕ್ಟರು. ಠಾಣಾ ಕುಶನೂರಿನಲ್ಲಿ ಒಂದು ಆಕಳಿಗೆ ಕರು ಅಡ್ಡಾಗಿದೆ ಎಂದು ಫೋನು ಬಂತು. ಚೀಲ ಹಿಡಿಯಲು ನಾನೂ ಹೋದೆ. ಎರಡು ತಾಸು ಹೆಣಗಿ ಆಕೆ ಕರುವನ್ನು ಎಳೆದು ತೆಗೆದಳು. ಕೈ ತೊಳೆಯುತ್ತ ಕೊಟ್ಟಿಗೆಯ ಮೂಲೆ ನೋಡಿ ನಿಂತುಬಿಟ್ಟಳು. ಅಲ್ಲಿ ಎತ್ತುಗಳು ಮೇವು ಹಾಕುವ ಗ್ವಾದಲಿಗೆ ಮುಖ ಹಾಕಿ ಜೋಳದ ಒಣ ದಂಟಿನ ಕಣಿಕೆ ತಿನ್ನುತ್ತಿದ್ದವು.

"ಆಯಿ, ಗ್ವಾದಲಿಗಿ ಹೆಡ್‌ಲೈಟ್ ಯಾಕ ಹಚ್ಚೀರಿ?" ಎಂದು ಕೇಳಿದಳು.

ಊರೆಲ್ಲ ಆಯಿ ಎನ್ನುವ ಆ ಮನೆಯ ಮುದುಕಿ ಸಹಜವಾಗಿ ಅಂದರು: "ಅದು ಕಾರ್ ಅದ, ಅದಕ್ಕ."

ಆಯಿಯ ಗಂಡ ಒಂದು ಕಾಲದಲ್ಲಿ ಹೈದರಾಬಾದಿನ ಹರಾಜಿನಲ್ಲಿ ತಂದಿದ್ದ ಎರಡು ಸೀಟಿನ ಪರದೇಶಿ ಕಾರು. ಅವರು ತೀರಿದ ಮೇಲೆ ನಡೆಸುವವರಿಲ್ಲ. ಮಡಚುವ ಬಟ್ಟೆಯ ಟಪ್ಪನ್ನು ಇಲಿಗಳು ತಿಂದವು. ಮೇಲೆ ತೆರೆದಿದೆ, ಮೇವು ಹಾಕಲು ಸಲೀಸು ಎಂದು ಮನೆಯವರು ದನ ಕಟ್ಟಿದರು.

ನನ್ನ ಹೆಂಡತಿ ಕಾರು ಕೇಳಿದಳು. ಸಿಮೆಂಟಿನ ಗ್ವಾದಲಿ ಕಟ್ಟಿಸಿಕೊಟ್ಟರೆ ಒಯ್ಯಿರಿ ಎಂದರು ಆಯಿ. ಕಟ್ಟಿಸುವುದರೊಳಗೆ ನಾಲ್ಕು ತಿಂಗಳಾಯಿತು. ಎತ್ತುಗಳು ಒಪ್ಪಿದವು. ಅಂದು ಹುಟ್ಟಿ, ಅಷ್ಟರಲ್ಲಿ ಕಾರಿನಲ್ಲೇ ಮೇಯಲು ಕಲಿತಿದ್ದ ಆ ಕರು ಒಪ್ಪಲಿಲ್ಲ. ಕಾರಿನ ಎಡ ಬಾಗಿಲ ಮೇಲೆ ಕುತ್ತಿಗೆ ಇಟ್ಟು, ಸಿಮೆಂಟಿಗೆ ಬಾಲ ತೋರಿಸಿ ನಿಲ್ಲುತ್ತಿತ್ತು. ಒಂದು ವರ್ಷ ಕಾದೆವು. ಕೊನೆಗೆ ಆಯಿಯೇ ಬೇಸತ್ತು ಒಯ್ಯಲು ಹೇಳಿದರು, ಒಂದು ಶರತ್ತಿನ ಮೇಲೆ.

"ಡಾಕ್ಟರಬಾಯಿ, ಮಗಳು ತವರಿಗಿ ಬಂದಂಗ ಒಂದಿನ ನೀವೇ ಇದನ್ನ ನಡಿಸ್ಕೋತ ಬರಬೇಕು. ಹಸರ ಖಣ ಇಟ್ಟು ಉಡಿ ತುಂಬ್ತೀನಿ."

"ಬರ್ತೇನಿ ಆಯಿ. ಇವರಿಗಿ ಬಾಜೂಕ ಕೂಡಿಸ್ಕೊಂಡು ಬರ್ತೇನಿ."

ನನಗೆ ಸ್ಕೂಟರೂ ನಡೆಸಲು ಬರುತ್ತಿರಲಿಲ್ಲ. ಹೀಗಾಗಿ ಕರು ಕುತ್ತಿಗೆ ಇಡುತ್ತಿದ್ದ ಕಡೆಯ ಎಡ ಸೀಟು ನನ್ನ ಪಾಲಿಗೆ ಬಂತು.

೨. ಮೊಟ್ಟೆ

ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕಾರು ಬೀದರಿಗೆ ಬಂತು. ಚಿದ್ರಿಯಲ್ಲಿ ನಮ್ಮ ಮನೆಯ ಹತ್ತಿರ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ, ಎಲ್ಲರಿಗೂ ಅವರು ಉಸ್ತಾದ್. ಮೂರನೆಯ ದಿನ ಅವರು ಸೀಟಿನ ಕೆಳಗೆ ಕೈ ಹಾಕಿದಾಗ ಒಳಗಿನಿಂದ ಯಾರೋ ಕುಕ್ಕಿದರು. ಕುಶನೂರಿನ ಕೋಳಿಯೊಂದು ಕಾವಿಗೆ ಕೂತದ್ದು ಹಾಗೆಯೇ ಜಿಲ್ಲಾ ಕೇಂದ್ರಕ್ಕೆ ಬಂದುಬಿಟ್ಟಿತ್ತು. ಕೆಳಗೆ ಏಳು ಮೊಟ್ಟೆ. ಅಷ್ಟರಲ್ಲಿ ಆಯಿಯ ಫೋನೂ ಬಂತು: ಕೊಟ್ಟದ್ದು ಕಾರು, ಕೋಳಿಯಲ್ಲ.

ಉಸ್ತಾದರು ಕೈ ಒರೆಸಿಕೊಂಡು ಗಂಭೀರವಾಗಿ ವರದಿ ಕೊಟ್ಟರು: "ಡಾಕ್ಟರ್ ಸಾಬ್, ಇಂಜಿನ್ ಬಂದ್ ಅದ. ಲೇಕಿನ್ ಗಾಡಿ ಮಾಲ್ ಕೊಡ್ಲಕತ್ತದ."

ಆಕೆ ನಕ್ಕು ನಕ್ಕು ಅಲ್ಲೇ ಟಾಯರಿನ ಮೇಲೆ ಕೂತಳು. ದಿನಾಲೂ ಸಂಜೆ ಡ್ಯೂಟಿ ಮುಗಿಸಿ ಗ್ಯಾರೇಜಿಗೆ ಬರುತ್ತಿದ್ದಳು. ದನಕ್ಕೂ ಕಾರಿಗೂ ಫರಕು ಇಲ್ಲ, ಎರಡೂ ಎಲ್ಲಿ ನೋವೆಂದು ಹೇಳುವುದಿಲ್ಲ ಎನ್ನುತ್ತಿದ್ದಳು. ತನಗೆ ಎಲ್ಲಿ ನೋವೆಂದು ತಾನೂ ಹೇಳಿರಲಿಲ್ಲ.

೩. ಅರ್ಜಿ

ಇಂಜಿನ್ ಮೊದಲ ಸಲ ಚಾಲೂ ಆದದ್ದು ಒಂದು ಗುರುವಾರ. ಆಕೆ ತೀರಿ ಅಂದಿಗೆ ಹನ್ನೊಂದು ದಿನವಾಗಿತ್ತು.

ಆಯಿಗೆ ಕೊಟ್ಟ ಮಾತು ಹಾಗೆಯೇ ಉಳಿದಿತ್ತು. ಕೊಟ್ಟವಳು ಇರಲಿಲ್ಲ, ಬಾಜೂಕ ಕೂಡಬೇಕಾದವನು ಇದ್ದ. ಐವತ್ತಮೂರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಪುಸ್ತಕದಲ್ಲಿದ್ದ ಕೈಸನ್ನೆಗಳನ್ನೂ ಬಾಯಿಪಾಠ ಮಾಡಿದೆ. ಕಾರಿನ ಇಂಡಿಕೇಟರ್ ಇನ್ನೂ ಹತ್ತುತ್ತಿರಲಿಲ್ಲ.

ಸೀಟು ಹೊಲಿಸಲು ಭಾಲ್ಕಿಗೆ ಹೋದೆವು. ಎಡ ಸೀಟಿನಲ್ಲಿ ನಾನು ಯಾರನ್ನೂ ಕೂಡಿಸುತ್ತಿರಲಿಲ್ಲ, ಆದ್ದರಿಂದ ಉಸ್ತಾದರು ಹಿಂದೆ ಸ್ಕೂಟರಿನಲ್ಲಿ. ಪೇಟೆಯಲ್ಲಿ ನಿಧಾನಿಸುವ ಸನ್ನೆಗೆ ಕೈ ಮೇಲೆ ಕೆಳಗೆ ಆಡಿಸಿದೆ. ರಸ್ತೆ ಬದಿಯವರೆಲ್ಲ ಎದ್ದು ನಿಂತು "ಶರಣ್ರಿ ಸಾಹೇಬ್ರ" ಎಂದು ಕೈ ಮುಗಿದರು. ತೆರೆದ ಕಾರಿನಲ್ಲಿ ಕೈ ಆಡಿಸುತ್ತ ಬರುವವರು ಯಾರೆಂದು ಅವರಿಗೆ ಗೊತ್ತಿತ್ತು. ಒಬ್ಬ ಹಿರಿಯರು ಓಡಿ ಬಂದು ಮಡಿಲಿಗೆ ಒಂದು ಕಾಗದ ಹಾಕಿದರು. ಅವರ ಓಣಿಗೆ ನಳ ಬೇಕೆಂಬ ಅರ್ಜಿ.

ನಾನು ಓದಿ ನೋಡಿದೆ. ತಾರೀಖು ಇರಲಿಲ್ಲ, ವಾರ್ಡಿನ ನಂಬರೂ ಇರಲಿಲ್ಲ. ಎರಡನ್ನೂ ಬರೆಸಿಕೊಂಡು ಬನ್ನಿ ಎಂದೆ. ಸೀಟಿನ ಅಳತೆ ಮುಗಿಯುವುದರೊಳಗೆ ತಂದರು. ನಾನು ಅದನ್ನು ಪುರಸಭೆಯ ಟಪಾಲಿಗೆ ಹಾಕಿ ಬಂದೆ. ಎರಡು ತಿಂಗಳ ಮೇಲೆ ಹೊಲಿದ ಸೀಟು ತರಲು ಹೋದಾಗ ಆ ಓಣಿಯಲ್ಲಿ ನಳ ಬಂದಿತ್ತು.

ಪೇಟೆಯಲ್ಲಿ ಮಂದಿ ಮತ್ತೆ ಕೈ ಮುಗಿದಾಗ ನಾನು ನಾಚಿ ಕೈ ಒಳಗೆ ಎಳೆದುಕೊಂಡೆ. ಉಸ್ತಾದರು ಸ್ಕೂಟರನ್ನು ಪಕ್ಕಕ್ಕೆ ತಂದರು. "ಕೈ ಒಳಗ ತಗೋಬ್ಯಾಡ್ರಿ ಮಾಸ್ತರ್ ಸಾಬ್. ನಳ ಬಂತು, ಇನ್ನಾ ರೋಡ್ ಬಾಕಿ ಅದ."

೪. ಉಡಿ

ಕಾರು ಪೂರ್ತಿ ತಯಾರಾದ ಮೇಲೂ ನಾನು ಕುಶನೂರಿಗೆ ಹೋಗುವುದನ್ನು ಮುಂದೂಡುತ್ತಲೇ ಇದ್ದೆ. ಆಕೆ ಕೂತು ನಡೆಸಿಕೊಂಡು ಬರಬೇಕಾಗಿದ್ದ ಸೀಟಿನಲ್ಲಿ ನಾನು ಕೂತು ಹೋಗಬೇಕಾಗಿತ್ತು. ಆಯಿಗೆ ಕಣ್ಣು ಮಂಜಾಗುತ್ತಿದೆ ಎಂದು ಕೇಳಿದ ಮೇಲೆ, ಒಂದು ರವಿವಾರ ಔರಾದ ದಾರಿ ಹಿಡಿದೆ.

ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಮಂದಿ ಕೂಡಿದರು. ಆಯಿ ಬಂದು ಬಾಗಿಲ ಮೇಲೆ ಕೈ ಆಡಿಸಿದರು. ನನ್ನನ್ನು ನೋಡಿದರು, ಖಾಲಿ ಎಡ ಸೀಟನ್ನು ನೋಡಿದರು. ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಎಲೆ ಅಡಿಕೆ, ಕೊಬ್ಬರಿ, ಖಣ ತಂದರು.

"ಯಾರಿಗಿ ಆಯಿ?" ಎಂದೆ.

"ಗಾಡಿ ತವರಿಗಿ ಬಂದದ. ಬರೀ ಉಡೀಲೆ ಹ್ಯಾಂಗ ಕಳಸ್ಲಿ?"

ಎಲ್ಲವನ್ನೂ ಎಡ ಸೀಟಿನ ಮೇಲೆ ಸುರಿದರು. ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಮಂದಿ ಗೊಳ್ಳೆಂದು ನಕ್ಕದ್ದು ಕೇಳಿ ತಿರುಗಿದರೆ, ಒಂದು ಆಕಳು ಹಗ್ಗ ಹರಿದುಕೊಂಡು ಬಂದು, ಎಡ ಬಾಗಿಲ ಮೇಲೆ ಕುತ್ತಿಗೆ ಇಟ್ಟು, ಉಡಿ ತಿನ್ನುತ್ತಿತ್ತು. ಭಾಲ್ಕಿಯ ಹೊಸ ಸೀಟಿನ ಮೇಲೆ ಜೊಲ್ಲು ಸುರಿಯುತ್ತಿತ್ತು. ನಾನು ಹೊಡೆದೋಡಿಸಲು ಹೋದೆ. ಆಯಿ ಕೈ ಹಿಡಿದರು.

"ತಿನ್ಲಿ ಬಿಡ್ರಿ ಸರ. ಡಾಕ್ಟರಬಾಯಿ ಕೈಯಾಗ ಹುಟ್ಟಿದಕಿ. ನಿಮ್ಮ ಸಿಮೆಂಟ್ ಗ್ವಾದಲಿಗಿ ಇವತ್ತಿಗೂ ಬಾಯಿ ಹಾಕಿಲ್ಲ."

ನಾನೂ ನಕ್ಕೆ. ಅಕ್ಕಿ ಮುಗಿಯಿತು, ಎಲೆ ಅಡಿಕೆ ಮುಗಿಯಿತು, ಕೊಬ್ಬರಿಯೂ ಮುಗಿಯಿತು. ಖಣ ಮಾತ್ರ ಉಳಿಯಿತು. ಹಸಿರು ಖಣ, ಆಕೆಗೆಂದು ಎಂದೋ ತಂದಿಟ್ಟದ್ದಿರಬೇಕು; ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು.