ಮಾವನ ದ್ವೀಪಕ್ಕೆ ಗ್ಯಾರಂಟಿ ಬಣ್ಣದ ನೀರು

ನಮ್ಮ ಸೋದರಮಾವ ಒಂದು ದ್ವೀಪವನ್ನು ಹವಾಮಾನ ಬದಲಾವಣೆಯಿಂದ ಪಾರು ಮಾಡಿದವರು. ನಗಬೇಡಿ! ಅಥವಾ ನಗಿ, ನಾನೂ ನಕ್ಕವನೇ. ಇರುವುದು ಒಂದೇ ತೊಂದರೆ: ಈಗ ಹೇಳಹೊರಟಿರುವುದರಲ್ಲಿ ನಡೆದದ್ದೆಷ್ಟು, ಮದುವೆಮನೆಗಳಲ್ಲಿ ಹೇಳಿ ಹೇಳಿ ನಾನೇ ಬೆಳೆಸಿದ್ದೆಷ್ಟು ಎಂಬುದು ನನಗೇ ಖಚಿತವಿಲ್ಲ. ಎಂ.ಎಸ್ಸಿ. ಓದಿದವನು ಹೀಗೆ ಹೇಳಬಾರದು. ಆದರೆ ಮಾವನ ಸಹವಾಸದಲ್ಲಿ ಯಾವ ಪದವಿ ತಾನೇ ನಿಂತೀತು?

ದ್ವೀಪವೆಂದರೆ ನೀಲಿ ಸಮುದ್ರ, ಬಿಳಿ ಮರಳು ಎಂದುಕೊಳ್ಳಬೇಡಿ. ಹರಿಹರದಿಂದ ಸ್ವಲ್ಪ ಆಚೆ, ಹೊಳೆಯ ಮಧ್ಯದ ಒಂದು ನಡುಗಡ್ಡೆ. ನಾಲ್ಕು ಮನೆ, ಒಂದು ಬಾವಿ, ಮನುಷ್ಯರಿಗಿಂತ ಹೆಚ್ಚು ಎಮ್ಮೆ. ಅಲ್ಲಿದ್ದವರು ಮಾವನ ಅಕ್ಕ, ಅಂದರೆ ನನ್ನ ದೊಡ್ಡವ್ವ. ಬೇಸಿಗೆಯಲ್ಲಿ ಹೊಳೆ ಬತ್ತಿ ಬಾವಿಯ ತಳ ಕಾಣುತ್ತದೆ. ಮಳೆಗಾಲದಲ್ಲಿ ಹೊಳೆಯೇ ಬಾವಿಯೊಳಗೆ ಬಂದು ಕೂರುತ್ತದೆ. ಮೊದಲು ಅಪರೂಪಕ್ಕೆ ಹೀಗಾಗುತ್ತಿತ್ತು, ಈಗ ವರ್ಷಾ ವರ್ಷಾ. ಅಂಥದೊಂದು ನೆರೆಯಲ್ಲಿ ಆ ಬಾವಿಯ ನೀರು ಕುಡಿದು ದೊಡ್ಡಪ್ಪನಿಗೆ ವಾಂತಿಭೇದಿ ಶುರುವಾಯಿತು. ತೆಪ್ಪ ಹಾಕುವಂತಿರಲಿಲ್ಲ. ಹೊಳೆ ಇಳಿಯುವಷ್ಟರಲ್ಲಿ ದೊಡ್ಡಪ್ಪ ಇರಲಿಲ್ಲ.

ಮುಂದಿನ ನೆರೆ ಬರುವುದರೊಳಗೆ ದೊಡ್ಡವ್ವ ದಾವಣಗೆರೆಗೆ ಬರಬೇಕು, ಇಲ್ಲವೇ ಅಲ್ಲಿಗೇ ಒಳ್ಳೆಯ ನೀರು ಆಗಬೇಕು. ಮಾವ ಕರೆಯಲು ಹೋದರು. ನಾನೂ ಜೊತೆಗಿದ್ದೆ.

“ಅಕ್ಕಾ, ನಡಿ ನಮ್ಮನಿಗೆ.”

“ನನ್ನ ಎಮ್ಮೆ?”

“ಅವನ್ನ ಮಾರಾಣ.”

“ಮೊದ್ಲು ನಿನ್ನ ಮಾರ್ತೀನಿ! ನಿಜಲಿಂಗಪ್ಪ ಬಡಾವಣೆ ಮಹಡಿ ಮ್ಯಾಲೆ ಎಮ್ಮೆ ಕಟ್ಟಾಕೆ ಜಾಗ ಐತೇನೋ? ನಿನ್ನ ಹೆಂಡ್ತಿ ನಂಗೇ ಜಾಗ ಕೊಡಲ್ಲ, ಎಮ್ಮೆಗೆ ಕೊಡ್ತಾಳಾ?”

ವಾಪಸು ಬರುವಾಗ ಮಾವನ ಮುಖದಲ್ಲಿ ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ಕಳೆ. “ಬರಲ್ಲ ಅಂದಿದ್ದು ಒಳ್ಳೇದಾತು ಕಣೋ. ಅಕ್ಕನೂ ನಿಮ್ಮತ್ತೇನೂ ಒಂದೇ ಅಡಿಗೆಮನ್ಯಾಗಿದ್ರೆ ಅದಕ್ಕಿಂತ ದೊಡ್ಡ ನೆರೆ ಯಾವುದೈತೆ? ನೀರೇ ಅಲ್ಲಿಗೆ ಕಳ್ಸಾಣ.” ತಮ್ಮ ನೆಮ್ಮದಿಗಾಗಿಯೇ ಈ ಉಪಕಾರ ಎಂದು ಊರೆಲ್ಲ ಸಾರಿದರು. ನಾವೂ ನಂಬಿದೆವು. ನಂಬದಿರಲು ಕಾರಣವಾದರೂ ಏನಿತ್ತು?

ಆಮೇಲೆ ಸಂಶೋಧನೆ ಆರಂಭ! ಮೊಬೈಲಿನಲ್ಲಿ ಯಾವುದೋ ಮಹಾಸಾಗರದ ಪುಟ್ಟ ದೇಶದವರು ಮಳೆನೀರು ಹಿಡಿಯುವುದನ್ನು ನೋಡಿದ್ದೇ ತಡ, ಮಾವ ಆ ದೇಶದ ನೀರಾವರಿ ಮಂತ್ರಿಯ ಹಾಗೆ ಮಾತಾಡತೊಡಗಿದರು.

“ಮಾವ, ಅದು ದ್ವೀಪವಲ್ಲ, ನಡುಗಡ್ಡೆ,” ಎಂದೆ.

“ಸುತ್ತ ನೀರು ಐತೋ ಇಲ್ಲೋ?”

“ಬೇಸಿಗೆಯಲ್ಲಿ ಚಪ್ಪಲಿ ಹಾಕಿಕೊಂಡೇ ನಡೆದು ಹೋಗುತ್ತೇವಲ್ಲ!”

“ಅದಕ್ಕೇನಲೇ ಎಮ್ಮೆಸ್ಸಿ, ಹವಾಮಾನ ಬದಲಾವಣೆ ಅನ್ನೋದು!”

ಟ್ಯಾಂಕು ಬಂತು. ನಡೆದು ಹೋಗಬಹುದಾದ ಬೇಸಿಗೆಯಲ್ಲಿ ಅಲ್ಲ. ಹೊಳೆಗೆ ಹೊಸ ನೀರು ಬಂದ ಮೇಲೆ! ತೆಪ್ಪದಲ್ಲಿ ಅದು ಹಿಡಿಸದ್ದರಿಂದ ಹಗ್ಗ ಕಟ್ಟಿ ಹಿಂದಿನಿಂದ ತೇಲಿಸಿಕೊಂಡು ಹೋದೆವು. ಈಜು ಬಾರದ ಮಾವ ಆ ಟ್ಯಾಂಕಿನೊಳಗೆ ಕುಳಿತು, ಮುಚ್ಚಳದ ತೂತಿನಿಂದ ತಲೆ ಹೊರಹಾಕಿ “ನಿಧಾನ, ನಿಧಾನ!” ಎನ್ನುತ್ತ ಹೊಳೆ ದಾಟಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಾವ ತೆಪ್ಪದಲ್ಲೇ ಇದ್ದರೆಂದು ಅತ್ತೆ ಹೇಳುತ್ತಾರೆ. ಅತ್ತೆ ಅಂದು ದಾವಣಗೆರೆಯಲ್ಲಿದ್ದರು. ಆದರೂ ಅವರು ಹೇಳುವಾಗ ನನಗೆ ಅನುಮಾನ ಬರುತ್ತದೆ.

ಕಲ್ಲಿನ ಎತ್ತರದ ಕಟ್ಟೆ, ಅದರ ಮೇಲೆ ಟ್ಯಾಂಕು, ತಗಡಿನ ಮಾಡಿನಿಂದ ಅದಕ್ಕೊಂದು ಪೈಪು. ಕಸ ಸೋಸಲು ಪೈಪಿನ ಬಾಯಿಗೆ ಬಟ್ಟೆ ಕಟ್ಟಬೇಕು. ಮಾವ ಆಯುಷ್ಯವೆಲ್ಲ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕಳೆದವರು. ಬಂದ ಹೆಂಗಸರಿಗೆಲ್ಲ “ಬಣ್ಣ ಬಿಡಲ್ಲವ್ವಾ, ನನ್ನ ಗ್ಯಾರಂಟಿ” ಎಂದು ಹೇಳಿ ಹೇಳಿ ಕೊನೆಗೆ ತಾವೇ ಅದನ್ನು ನಂಬಿದ್ದರು. ಹೀಗಾಗಿ ಅಂಗಡಿಯಲ್ಲಿ ಉಳಿದಿದ್ದ ಕೆಂಪು ಬಟ್ಟೆಯ ಥಾನಿನಿಂದ ದಪ್ಪಗೆ ನಾಲ್ಕು ಪದರ ಕಟ್ಟಿದರು. ಮಳೆ ಸುರಿಯಿತು. ನಾಲ್ಕೂ ಮನೆಯವರು ಕೊಡ ಹಿಡಿದು ನಿಂತರು. ಮಾವ ಉದ್ಘಾಟನೆಯ ಗತ್ತಿನಲ್ಲಿ ನಲ್ಲಿ ತಿರುಗಿಸಿದರು.

ಓಕುಳಿ!

ದೊಡ್ಡವ್ವ ಕೊಡದೊಳಗೆ ಬಗ್ಗಿ ನೋಡಿ, “ನನ್ನ ಮಗಳ ಮದ್ವೆಗೆ ಕುಬುಸ ಕೊಟ್ಟಿದ್ದು ಇದೇ ಥಾನಿಂದಲ್ಲೇನೋ?” ಎಂದರು.

“ಬಟ್ಟೇದು ತಪ್ಪಿಲ್ಲಕ್ಕಾ,” ಮಾವ ತಡವರಿಸಲಿಲ್ಲ. “ಮಳೆ ಬದಲಾಗೈತೆ!”

ಟ್ಯಾಂಕು ತೊಳೆದಾಯಿತು. ದೊಡ್ಡವ್ವ ಮಾವನ ಅಂಗಡಿಯ ಬಿಳಿ ಪಂಚೆಯೊಂದನ್ನು ಗಂಜಿ ಬಿಡುವವರೆಗೆ ಕಲ್ಲಿಗೆ ಬಡಿದು ತಾವೇ ಕಟ್ಟಿದರು. ಈಗ ನೀರು ತಿಳಿಯಾಗಿ ಬಂತು. ಮಾವ ಬಡಾವಣೆಯಲ್ಲಿ ಸಿಕ್ಕವರಿಗೆಲ್ಲ, “ಕಾಯ್ಸೋದೇ ಬ್ಯಾಡ್ರಿ, ಹಂಗೇ ಕುಡೀಬೋದು” ಎನ್ನುತ್ತಿದ್ದರು. ಬ್ಯಾಕ್ಟೀರಿಯಾ ಪಂಚೆಗೆ ಹೆದರುತ್ತದೆಯೇ ಎಂದು ಕೇಳಿದೆ. “ನನ್ನ ಪಂಚೆ ಬಗ್ಗೆ ಇವತ್ತಿನತನಕ ಒಬ್ರೂ ಕಂಪ್ಲೇಂಟ್ ಮಾಡಿಲ್ಲ!”

ಆ ಮಳೆಗಾಲ ಹೊಳೆ ಮತ್ತೆ ಏರಿತು. ನಡುಗಡ್ಡೆಗೆ ತೆಪ್ಪ ನಿಂತಿತು, ಕರೆಂಟು ಹೋಯಿತು, ಫೋನು ಸತ್ತಿತು. ಇತ್ತ ಮಾವ ಹೊಟ್ಟೆ ತುಂಬ ಉಂಡು, ಟೀವಿ ನೋಡಿ, ಕತ್ತಲಿರುವಾಗಲೇ ಎದ್ದು ಆರಾಮಾಗಿ ವಾಕಿಂಗ್ ಹೊರಡುತ್ತಿದ್ದರು. “ಒಡಹುಟ್ಟಿದಾಕಿ ನಡುನೀರಾಗದಾಳೆ, ಇವರಿಗೆ ವಾಕಿಂಗು!” ಎಂದು ಅತ್ತೆಯೇ ಕಣ್ಣೊರೆಸಿಕೊಂಡರು. ಈ ಮನುಷ್ಯನಿಗೆ ಕರುಳೇ ಇಲ್ಲ ಎಂದು ನಾನೂ ತೀರ್ಪು ಕೊಟ್ಟೆ.

ಹೊಳೆ ಇಳಿದ ಮೇಲೆ ಹೋದೆವು. ದೊಡ್ಡವ್ವ ಎಮ್ಮೆಗೆ ಬೈಯುತ್ತಿದ್ದರು. ಟ್ಯಾಂಕಿನ ತಳದಲ್ಲಿ ಇನ್ನೂ ಒಂದಿಷ್ಟು ನೀರಿತ್ತು. ನಾಲ್ಕು ಮನೆಯಲ್ಲೂ ಯಾರೊಬ್ಬರೂ ಕಾಯಿಲೆ ಬಿದ್ದು ಮಲಗಿರಲಿಲ್ಲ.

“ನೀರು ಹಂಗೇ ಕುಡಿದ್ರಾ ದೊಡ್ಡವ್ವ?”

“ಅವನೆಲ್ಲಿ ಬಿಡ್ತಾನಪ್ಪ! ಕಾಯಿಸ್ದೆ ಕುಡಿಯಲ್ಲ ಅಂತ ಆಣೆ ಹಾಕ್ಸಿಕೊಂಡಾನೆ. ಅದೂ ದಿನಾ ಬೆಳಿಗ್ಗೆ ಮನೆ ಮುಂದಿನ ಒಲೆ ಮ್ಯಾಲೇ ಕಾಯಿಸ್ಬೇಕಂತೆ, ಹಸಿ ಸೌದೆ ಹಾಕಿ. ಯಾಕ ಅಂದ್ರೆ ಹೇಳಲ್ಲ. ಹೊಗೆ ಕುಡಿದು ನನ್ನ ಕಣ್ಣು ಹೋದ್ವು!”

ನೀರು ಕಾಯಲು ಹಸಿ ಸೌದೆಯೇ ಯಾಕೆ? ಮಾವ ಟ್ಯಾಂಕಿನ ನಲ್ಲಿ ಒರೆಸುತ್ತಿದ್ದರು, ತಿರುಗಲಿಲ್ಲ.

ಮೇಲಿನ ಯಾವುದಕ್ಕೂ ನಾನು ಸಾಕ್ಷಿ ತರಲಾರೆ. ಒಂದನ್ನು ಮಾತ್ರ ಆಮೇಲೆ ಒಬ್ಬನೇ ಹೋಗಿ ಕೇಳಿ ಬಂದೆ, ಈಚೆ ದಂಡೆಯಲ್ಲಿ ಚಹಾ ಮಾರುವ ಹೆಂಗಸನ್ನು.

“ಆ ದಾವಣಗೆರೆ ಯಜಮಾನ್ರಾ? ಹೊಳೆ ಇಳಿಯೋತನಕ ದಿನಾ ಮೊದಲ್ನೇ ಬಸ್ಸಿಗೆ ಬರೋರು ರೀ. ಅತ್ಲಾಗೆ ಗಡ್ಡೆ ಮ್ಯಾಲೆ ಹೊಗೆ ಏಳೋಗಂಟ ಚಾ ಕೊಟ್ರೂ ಮುಟ್ತಿರ್ಲಿಲ್ಲ.”