ಖೊಟ್ಟಿ ಕಾರ್ಡು, ಖರೆ ತಪಾಸಣೆ

ಸುಳ್ಳು ಹೇಳುವುದೇ ಕೆಲಸವಾದ ಆಟದಲ್ಲೂ ನಮ್ಮ ಮಂದಿ ನೆಟ್ಟಗೆ ಸುಳ್ಳು ಹೇಳುವುದಿಲ್ಲ. ಪ್ರತಿ ಭಾನುವಾರ ನನಗೆ ಇದೇ ಹಣೆಬರಹ. ಸಿಂದಗಿಯಲ್ಲಿ ನಾನು ಹೈಸ್ಕೂಲ್ ಮಾಸ್ತರ. ರಜೆಗೆ ಮೂವರು ಗೆಳೆಯರನ್ನು ಪಡಸಾಲೆಯಲ್ಲಿ ಕೂಡಿಸಿ, ದಾಳ ಉರುಳಿಸಿ, ಬಾಯಿಮಾತಿನಲ್ಲೇ ಕಥೆ ಕಟ್ಟುವ ಸೈಬರ್‌ಪಂಕ್ ಆಟ ಆಡಿಸುತ್ತೇನೆ. ಕಂಪನಿಗಳೇ ಆಳುವ ಮುಂದಿನ ಕಾಲದ ನಗರ. ಒಳಗೆ ಇವರ ಸಂಗಾತಿ ಸಾಯಲು ಬಿದ್ದಿದ್ದಾನೆ. ಇವರು ಖೊಟ್ಟಿ ಗುರುತಿನ ಕಾರ್ಡು ತೋರಿಸಿ, ಯಂತ್ರದ ಕಾವಲುಗಾರನನ್ನು ದಾಟಿ, ಔಷಧ ಮುಟ್ಟಿಸಬೇಕು. ಇಷ್ಟೇ. ಆರು ವಾರವಾಯಿತು, ಇನ್ನೂ ಗೇಟಿನಲ್ಲೇ ನಿಂತಿದ್ದಾರೆ!

೧

ಮೊದಲು ಬಂದವರು ಇಂಡಿ ಊರಿನ ಔಷಧ ಅಂಗಡಿಯವರು. ಕಾವಲುಗಾರನ ದನಿ ತೆಗೆದು "ಕಾರ್ಡು!" ಎಂದೆ.

"ಝೆರಾಕ್ಸ್ ನಡೀತೈತೇನ್ರಿ?"

"ಖೊಟ್ಟಿ ಕಾರ್ಡಿಗೆ ಯಾತರ ಝೆರಾಕ್ಸ್‌ರಿ?"

"ಒರಿಜಿನಲ್ ಖೊಟ್ಟಿ ಮನ್ಯಾಗ ಟ್ರಂಕಿನ್ಯಾಗ ಇಟ್ಟೇನ್ರಿ. ಕಳದ್ರ ಮತ್ತ ಯಾರ್ ಕೊಡ್ತಾರ?"

೨

ಮುಂದಿನ ವಾರ ಅದೇ ಮನುಷ್ಯ ಒರಿಜಿನಲ್ಲನ್ನೇ ತೋರಿಸಿದರು. ದಾಳವೂ ಒಳ್ಳೆಯದು ಬಿತ್ತು, ಯಂತ್ರ ನಂಬಿತು. ನಾನು ಗೇಟು ತೆರೆಯಬೇಕು, ಅಷ್ಟರಲ್ಲಿ ಅವರದೇ ಗುಂಪಿನ ಬಸವನ ಬಾಗೇವಾಡಿಯ ಬಸ್ ಕಂಡಕ್ಟರ್ ಕೈ ಅಡ್ಡ ಹಿಡಿದರು.

"ನಿಲ್ರಿ! ಈ ಫೋಟೋ ನಿಮ್ದಲ್ಲ."

"ನೀವು ಇವರ ಕಡೆಯವರ್ರೀ, ಮಾರಾಯ್ರ!" ಎಂದು ಹಲುಬಿದೆ.

"ಪಾಸಿನ ವಿಷಯದಾಗ ನಾ ಯಾರ ಕಡೆಯವನೂ ಅಲ್ರಿ" ಎಂದವರೇ ಅಂಗಡಿಯವರ ಕಡೆ ತಿರುಗಿ, "ಇಳೀರಿ ಕೆಳಗ!" ಎಂದರು.

೩

ಕಳೆದ ಭಾನುವಾರ ಕೊನೆಯ ಅವಕಾಶ. ಅಂದು ದಾಟದಿದ್ದರೆ ಒಳಗಿನವನು ಸತ್ತಂತೆಯೇ. ಮುದ್ದೇಬಿಹಾಳದ ದನದ ಡಾಕ್ಟರು ದಾಳ ಉರುಳಿಸಿ ಗೆದ್ದರು. ಖೊಟ್ಟಿ ಕಾರ್ಡನ್ನು ಗಟ್ಟಿಯಾಗಿ ಓದಿದರು: "ಹುಟ್ಟಿದ ಊರು, ಕೊಲ್ಹಾರ."

ಮೂಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದ ನನ್ನ ದೊಡ್ಡವ್ವ ತಲೆ ಎತ್ತಿದಳು. ಹಿಂದಿನ ದಿನವಷ್ಟೇ ಕೊಲ್ಹಾರದಿಂದ ಬಂದವಳು, ಆಟಗೀಟ ಗೊತ್ತಿಲ್ಲ.

"ಯಾರ ಪೈಕಿ ನೀ? ಹಳೇ ಊರು ಡ್ಯಾಮಿನ ನೀರಾಗ ಮುಳಗೂ ಮುಂದ ನಿಮ್ಮ ಮನಿ ಎಲ್ಲಿತ್ತು?"

ಡಾಕ್ಟರು ಕಾರ್ಡನ್ನು ಹಿಂದೆ ಮುಂದೆ ತಿರುವಿ ಹುಡುಕಿದರು.

"ಖೊಟ್ಟಿ ಅದಾನ ಇಂವ!"

"ದೊಡ್ಡವ್ವಾ, ದಾಳ ಬಿದ್ದೈತಿ, ಅವರು ಪಾಸ್!" ಎಂದು ಕೂಗಿದೆ.

"ದಾಳ ಏನ್ ಕೊಲ್ಹಾರದಾಗ ಹುಟ್ಟೇತೇನು?"

ಡಾಕ್ಟರು ಕೈಮುಗಿದರು. "ತಪ್ಪಾತ್ರಿ ಯವ್ವಾ. ನಾ ಮುದ್ದೇಬಿಹಾಳದಾಂವ. ಒಳಗ ನಮ್ಮ ಮನಷ್ಯಾ ಸಾಯಾಕತ್ತಾನ, ಔಷಧ ಒಯ್ಯಬೇಕ್ರಿ."

"ಇದನ್ನ ಮೊದಲ ಹೇಳಾಕ ಏನಾಗಿತ್ತು? ಹೋಗ್ರಿ, ಲಗೂನ ಒಳಗ ಹೋಗ್ರಿ!"

ಮೂವರೂ ಹೋ ಎಂದು ಎದ್ದರು. ನನ್ನ ಪಿತ್ತ ನೆತ್ತಿಗೇರಿತು. ಆರು ವಾರ ಗೇಟು ಕಾದವನು ನಾನು! "ಖರೆ ಹೇಳಿದವರಿಗೆ ಒಳಗ ಬಿಡೂದಿಲ್ಲ!" ಎಂದು ಅಬ್ಬರಿಸಿದೆ.

"ಸಾಯೋರಿಗೆ ಔಷಧ ಒಯ್ಯೋರನ್ನ ತಡಿಯಾಕ ನೀ ಯಾಂವ?" ಎಂದಳು ದೊಡ್ಡವ್ವ.

ಕಂಡಕ್ಟರ್ ನನ್ನ ಮುಂದೆ ಕೈಚಾಚಿ ನಿಂತರು.

"ಹೌದ್ರಿ ಮಾಸ್ತರ. ನಿಮ್ಮ ಕಾರ್ಡ್ ತಗೀರಿ ನೋಡೂಣು."